ಕಮಲನಗರದ ಓದುಗನೂ ಗ್ರಂಥಾಲಯದ ಚರಿತ್ರೆಯೂ

ಸಣ್ಣ ಊರಿನ ಗ್ರಂಥಾಲಯದ ಚರಿತ್ರೆಯನ್ನು ಬರೆಯುವ ನಮ್ಮವರಿಗೆ ಒಂದು ರೂಢಿಯಿದೆ. ಅಡಿಗಲ್ಲಿಟ್ಟವರಾರು, ಬಾಗಿಲು ತೆರೆದವರಾರು, ಕಪಾಟುಗಳಲ್ಲಿ ಎಷ್ಟು ಪುಸ್ತಕಗಳಿವೆ—ಇಷ್ಟು ಹೇಳಿದರೆ ಚರಿತ್ರೆ ಮುಗಿಯಿತು. ಓದಿದವರಾರು, ಯಾವ ಭಾಷೆಯಲ್ಲಿ ಓದಿದರು, ಯಾರ ಹಣದಿಂದ ಓದಿದರು ಎಂಬ ಪ್ರಶ್ನೆಗಳು ಹೊರಗೇ ಉಳಿಯುತ್ತವೆ. ಬೀದರ ಜಿಲ್ಲೆಯ ಗಡಿಯಲ್ಲಿರುವ ಕಮಲನಗರದಂಥ ಊರಿಗೆ ಈ ಮಾದರಿ ಏನೇನೂ ಸಾಲದೆಂಬುದು ನನ್ನ ಅಭಿಪ್ರಾಯ.

ಬೀದರದ ಮಾತು ಬಂದೊಡನೆ ಎಲ್ಲರೂ ಮಹಮೂದ್ ಗವಾನನ ಮದರಸಾವನ್ನು ನೆನೆಯುತ್ತಾರೆ. ನೆನೆಯಬೇಕಾದುದೇ. 1472ರ ಆ ವಿದ್ಯಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದುವೆಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಅದು ಅರಬಿ-ಪಾರಸಿ ಬಲ್ಲ ವಿದ್ವಾಂಸರ ಭಂಡಾರ, ಊರವರ ವಾಚನಾಲಯವಲ್ಲ. ಅಲ್ಲಿಂದ ಒಂದೇ ಜಿಗಿತಕ್ಕೆ ಇಂದಿನ ಸರಕಾರಿ ಗ್ರಂಥಾಲಯಕ್ಕೆ ಬಂದರೆ ನಡುವಿನ ಕಥೆಯೇ ಕಳೆದುಹೋಗುತ್ತದೆ.

ಆ ಕಥೆಯಲ್ಲಿ ಎದ್ದು ಕಾಣುವ ಹೆಸರು ಕಮಲನಗರದ್ದೇ: 1890ರಲ್ಲಿ ಅಲ್ಲಿ ಜನಿಸಿ, ಮುಂದೆ ಭಾಲ್ಕಿ ಹಿರೇಮಠದ ಅಧಿಪತಿಗಳಾದ ಚನ್ನಬಸವ ಪಟ್ಟದ್ದೇವರು. ನಿಜಾಮರ ಆಳಿಕೆಯಲ್ಲಿ ಉರ್ದುವಿಗೆ ಮನ್ನಣೆಯಿದ್ದಾಗ, ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದವರು ಅವರು. ಇದಕ್ಕೂ ಗ್ರಂಥಾಲಯಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಓದಬಲ್ಲವನಿಲ್ಲದಿದ್ದರೆ ಪುಸ್ತಕದ ಕಪಾಟು ಬರಿಯ ಮರದ ಸಾಮಾನು. ಕನ್ನಡದ ಓದುಗನನ್ನು ಸಿದ್ಧಪಡಿಸಿದ ಆ ಶಾಲೆಯೇ ಈ ಸೀಮೆಯ ಕನ್ನಡ ಗ್ರಂಥಾಲಯದ ಮೊದಲ ಅಧ್ಯಾಯ.

ಎರಡನೆಯ ಅಧ್ಯಾಯ ಕಾನೂನಿನದು. ಹೈದರಾಬಾದ್ ರಾಜ್ಯವು 1955ರಲ್ಲಿಯೇ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಮಾಡಿತ್ತು. ಮರುವರ್ಷ ನವೆಂಬರ್ 1ರಂದು ಆ ರಾಜ್ಯ ಮೂರು ಹೋಳಾಯಿತು. ಬೀದರ, ಭಾಲ್ಕಿ, ಔರಾದಗಳು ಮೈಸೂರಿಗೆ ಸೇರಿದುವು. ಉದಗೀರ ಮುಂಬಯಿಗೆ, ನಾರಾಯಣಖೇಡ ಆಂಧ್ರಕ್ಕೆ ಹೋದುವು. ಮೈಸೂರು ತನ್ನ ಕಾನೂನು ಮಾಡಿದುದು 1965ರಲ್ಲಿ. ಕನ್ನಡದ ಮನೆಗೆ ಬಂದ ಗಡಿಯ ಓದುಗ ಆ ಮನೆಯದೇ ಆದ ಗ್ರಂಥಾಲಯದ ಕಾನೂನಿಗಾಗಿ 9 ವರ್ಷ ಕಾಯಬೇಕಾಯಿತು. ಏಕೀಕರಣದ ಸಂತೋಷದಲ್ಲಿ ಈ ಲೆಕ್ಕವನ್ನು ಯಾರೂ ಎತ್ತಿ ಆಡುವುದಿಲ್ಲ.

ಕಮಲನಗರ, ಉದಗೀರಗಳೆರಡೂ ಒಂದೇ ರೈಲುಮಾರ್ಗದ ನಿಲ್ದಾಣಗಳು. ಆದರೆ ಎರಡು ಊರುಗಳ ಗ್ರಂಥಾಲಯದ ಕ್ರಮವೇ ಬೇರೆ. ಮಹಾರಾಷ್ಟ್ರದ 1967ರ ಕಾನೂನು ಊರವರೇ ಕಟ್ಟಿದ ಸಂಘಗಳ ಗ್ರಂಥಾಲಯಗಳಿಗೆ ಮನ್ನಣೆಯಿತ್ತು ಅನುದಾನ ಕೊಡುತ್ತದೆ, ಗ್ರಂಥಾಲಯ ಕರವಿಲ್ಲ. ನಮ್ಮಲ್ಲಿ ಕಟ್ಟಡದ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಎಲ್ಲರೂ ತೆರುತ್ತೇವೆ. ನಡೆಸುವುದು ಮುಖ್ಯವಾಗಿ ಸರಕಾರ. ನಮ್ಮ ಕ್ರಮದ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ದಾನಿಗಳ ಮರ್ಜಿಯನ್ನು ಕಾಯದೆ, ಪುಸ್ತಕ ಓದುವುದು ಪ್ರಜೆಯ ಹಕ್ಕೆಂದು ಅದು ಒಪ್ಪಿತು. ಆದರೆ ಹಣ ಕೊಟ್ಟವನಿಗೆ ಪುಸ್ತಕ ಆರಿಸುವ ಅಧಿಕಾರ ಬರಲಿಲ್ಲ. ಸಗಟು ಖರೀದಿ ನಡೆಯುವುದು ರಾಜ್ಯಮಟ್ಟದ ಆಯ್ಕೆಯಂತೆ. ಬೆಂಗಳೂರಿನಲ್ಲಿ ಕುಳಿತು ಸಿದ್ಧಪಡಿಸಿದ ಪಟ್ಟಿಗೆ ಗಡಿಯೂರಿನ ನಾಲಗೆ ತಿಳಿಯುವುದು ಕಷ್ಟ. ಕಮಲನಗರದ ಸಂತೆಯಲ್ಲಿ ಕನ್ನಡದವನು ಮರಾಠಿ ಆಡುತ್ತಾನೆ, ಉರ್ದುವನ್ನೂ ಬಲ್ಲ. ಅವನ ಗ್ರಂಥಾಲಯದಲ್ಲಿ ಕನ್ನಡ ಯಜಮಾನಿಕೆ ನಡೆಸಬೇಕು, ನಿಜ; ಆದರೆ ನೆರೆಯ ಭಾಷೆಗಳಿಗೂ ಒಂದೊಂದು ಕಪಾಟು ಬೇಡವೆ? ಒಮ್ಮೆ ಫಲಕದ ಹಿಂದೆ ಅಡಗಿ ಬದುಕಿದ ಕನ್ನಡಕ್ಕೆ ಇನ್ನೊಂದು ಭಾಷೆಯ ಸಂಕಟ ಅರ್ಥವಾಗದಿದ್ದರೆ ಮತ್ತಾರಿಗೆ ಅರ್ಥವಾದೀತು?

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಗೊಂಡುವು. ಬಳಿಕ ಅರಿವು ಕೇಂದ್ರಗಳೆಂಬ ಹೆಸರನ್ನೂ ಪಡೆದುವು. ಹೆಸರು ಚೆನ್ನಾಗಿದೆ. ಆಯ್ಕೆಯ ಅಧಿಕಾರವೂ ಊರಿನ ಸಮೀಪಕ್ಕೆ ಬಂದರೆ ಅದು ಸಾರ್ಥಕವಾದೀತು.

ಆದುದರಿಂದ ಕಮಲನಗರದ ಗ್ರಂಥಾಲಯದ ಚರಿತ್ರೆಗೆ ಕೈಹಾಕುವ ಅಲ್ಲಿನ ಅಧ್ಯಾಪಕ ಮಿತ್ರರಿಗೆ ನನ್ನದೊಂದು ಸೂಚನೆ. ಉದ್ಘಾಟನೆಯ ಶಿಲಾಫಲಕವನ್ನು ಕೊನೆಗೆ ಓದಿರಿ. ಮೊದಲು ಎರವಲು ಪುಸ್ತಕದ ದಾಖಲೆಯನ್ನು ತೆರೆಯಿರಿ. ಯಾವ ಪುಸ್ತಕ ಎಷ್ಟು ಕೈ ಬದಲಾಯಿಸಿತು, ಯಾವುದು ಧೂಳು ತಿಂದಿತು, ಕೇಳಿಯೂ ದೊರೆಯದೆ ಯಾರು ಬರಿಗೈಯಲ್ಲಿ ಹಿಂದಿರುಗಿದರು—ಚರಿತ್ರೆ ಅಲ್ಲಿದೆ.