ತುರ್ಕೀ ಸಾಹಿತ್ಯಚರಿತ್ರೆಯೂ ಫುಆದ್ ಕೋಪ್ರುಲುವೂ

ಐತಿಹ್ಯವು ಪ್ರಮಾಣವೇ ಅಲ್ಲವೇ ಎಂಬ ವಿಚಾರವು ಭಾರತೀಯ ಶಾಸ್ತ್ರಗಳಲ್ಲಿ ಹಳೆಯದು. ಪೌರಾಣಿಕರು ಅದನ್ನು ಬೇರೊಂದು ಪ್ರಮಾಣವೆಂದೇ ಎಣಿಸಿದರು. ನೈಯಾಯಿಕರು ಅದನ್ನು ಶಬ್ದಪ್ರಮಾಣದಲ್ಲಿ ಅಡಗಿಸಿ, ಆಪ್ತನ ಮಾತಾದರೆ ಮಾತ್ರ ಗ್ರಾಹ್ಯವೆಂದರು. ಹೇಳಿದವನು ಇಂಥವನೆಂದು ತಿಳಿಯದೆ ಬಾಯಿಂದ ಬಾಯಿಗೆ ಬಂದ ವೃತ್ತಾಂತವನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದು ಸಾಹಿತ್ಯಚರಿತ್ರಕಾರನಿಗೂ ತಪ್ಪದ ತೊಡಕು. ತುರ್ಕೀ ಭಾಷೆಯಲ್ಲಿ ಈ ತೊಡಕನ್ನು ಶಾಸ್ತ್ರೀಯವಾಗಿ ಬಿಡಿಸಲೆಳಸಿದವರಲ್ಲಿ ಅಗ್ರಗಣ್ಯರಾದವರು ಮೆಹ್ಮೆತ್ ಫುಆದ್ ಕೋಪ್ರುಲು (1890-1966). 1950ರ ಬಳಿಕ ತುರ್ಕಿಯ ವಿದೇಶಾಂಗ ಮಂತ್ರಿಯಾಗಿದ್ದವರೂ ಇವರೇ. ರಾಜಕಾರಣವು ಒಬ್ಬ ಪಂಡಿತನನ್ನು ನುಂಗಿತೆಂದು ಇವರ ವಿಷಯದಲ್ಲಿ ಹೇಳಿಬಿಡುವುದು ಸುಲಭ; ಆದರೆ ಇವರ ಗ್ರಂಥಗಳನ್ನು ಓದಿದವರಿಗೆ ಆ ಮಾತು ಅರ್ಧಸತ್ಯವಾಗಿ ತೋರುವುದು.

ಕೋಪ್ರುಲು ಇಸ್ತಾಂಬುಲಿನಲ್ಲಿ ಜನಿಸಿದರು. ಹದಿನೇಳನೆಯ ಶತಮಾನದಲ್ಲಿ ಉಸ್ಮಾನೀ ಸುಲ್ತಾನರಿಗೆ ಮಹಾವಜೀರರನ್ನು ಕೊಟ್ಟ ಪ್ರಸಿದ್ಧ ಮನೆತನದ ಹೆಸರು ಇವರದು. 1934ರಲ್ಲಿ ಕುಲನಾಮದ ಶಾಸನವು ಬರುವ ತನಕ ‘ಕೋಪ್ರುಲುಜಾದೆ’ ಎಂದೇ ಬರೆದುಕೊಳ್ಳುತ್ತಿದ್ದರು. ನ್ಯಾಯಶಾಸನದ ವ್ಯಾಸಂಗವನ್ನು ನಡುವೆಯೇ ಬಿಟ್ಟರು. ಕವಿಯಾಗಿ ‘ಫೆಜ್ರಿ ಆತಿ’ ಎಂಬ ತರುಣರ ಗೋಷ್ಠಿಯನ್ನು ಸೇರಿದರು. ತಿಳಿಗನ್ನಡಕ್ಕಾಗಿ ಹೋರಾಡಿದವರಂತೆ ಅಲ್ಲಿಯೂ ತಿಳಿಯಾದ ತುರ್ಕಿಗಾಗಿ ವಾದಿಸುವವರು ಹುಟ್ಟಿಕೊಂಡಾಗ, ಇವರು ಮೊದಲು ಅವರನ್ನು ವಿರೋಧಿಸಿ, ಅನಂತರ ಜಿಯಾ ಗೋಕಾಲ್ಪರ ಪ್ರಭಾವದಿಂದ ಅವರ ಪಕ್ಷಕ್ಕೇ ಬಂದರು. 1913ರಲ್ಲಿ, ಇಪ್ಪತ್ತಮೂರರ ಆಸುಪಾಸಿನ ವಯಸ್ಸಿನಲ್ಲಿ, ಇಸ್ತಾಂಬುಲಿನ ವಿಶ್ವವಿದ್ಯಾಲಯದಲ್ಲಿ ತುರ್ಕೀ ಸಾಹಿತ್ಯಚರಿತ್ರೆಯ ಪೀಠವು ಇವರಿಗೆ ದೊರೆಯಿತು. ಪದವಿಯಿಲ್ಲದವನಿಗೆ ಪೀಠವೆಂಬುದು ಈಗಿನ ನಿಯಮಗಳಿಗೆ ಒಗ್ಗದು. ಆದರೂ ಆರಿಸಿದವರ ಎಣಿಕೆ ತಪ್ಪಲಿಲ್ಲ. ಅದೇ ವರ್ಷ ಸಾಹಿತ್ಯಚರಿತ್ರೆಯ ವಿಧಾನವನ್ನು ಕುರಿತು ಇವರು ಬರೆದ ಲೇಖನವು ಹಳೆಯ ‘ತೆಜ್ಕಿರೆ’ಗಳ ಬಗೆಯನ್ನು, ಎಂದರೆ ಕವಿಯ ಹೆಸರು, ನಾಲ್ಕು ಹೊಗಳಿಕೆಯ ಮಾತು, ಒಂದೆರಡು ಪದ್ಯ ಇಷ್ಟರಿಂದಲೇ ತೃಪ್ತವಾಗುವ ಕವಿಚರಿತೆಗಳ ಬಗೆಯನ್ನು, ಬಿಟ್ಟು ಫ್ರೆಂಚ್ ವಿದ್ವಾಂಸ ಲಾನ್ಸನ್ನನ ಮಾರ್ಗದಲ್ಲಿ ಆಕರಗಳನ್ನು ಶೋಧಿಸಬೇಕೆಂದು ಸಾರಿತು.

ಈ ವಿಧಾನವು ಫಲಿಸಿದ್ದು 1918ರ ಮುದ್ರೆಯನ್ನು ಹೊತ್ತು ಬಂದ ‘ತುರ್ಕೀ ಸಾಹಿತ್ಯದಲ್ಲಿ ಮೊದಲ ಸೂಫಿಗಳು’ ಎಂಬ ಗ್ರಂಥದಲ್ಲಿ. ಅದಕ್ಕೆ ಮುಂಚೆ ಉಸ್ಮಾನೀ ವಿದ್ವಾಂಸರು ಸಾಹಿತ್ಯವೆಂದು ಗೌರವಿಸುತ್ತಿದ್ದುದು ಹೆಚ್ಚಾಗಿ ಆಸ್ಥಾನದ ಕಾವ್ಯವನ್ನು: ಗುರುಲಘುಗಳ ನಿಯಮವುಳ್ಳ ಅರಬ್ಬೀ-ಪಾರಸೀ ವೃತ್ತಗಳಲ್ಲಿ, ಪಾರಸೀ ಶಬ್ದಗಳ ಭಾರದಿಂದ ನಡೆಯುವ ಕಾವ್ಯವನ್ನು. ಅಕ್ಷರಗಳ ಸಂಖ್ಯೆಯನ್ನು ಮಾತ್ರ ಎಣಿಸುವ ದೇಸಿಯ ಮಟ್ಟುಗಳು ಹಳ್ಳಿಗರ ಪಾಲಾಗಿದ್ದವು. ಈ ದೇಸಿಗೂ ಒಂದು ಚರಿತ್ರೆಯುಂಟು, ಅದು ಮಾರ್ಗಕಾವ್ಯದಷ್ಟೇ ವಿಚಾರಾರ್ಹವೆಂದು ಕೋಪ್ರುಲು ತೋರಿಸಿದರು. ಗ್ರಂಥವು ಎರಡು ಭಾಗವಾಗಿದೆ. ಒಂದು ಮಧ್ಯ ಏಷ್ಯದ ಯೆಸಿ ಪಟ್ಟಣದ ಅಹ್ಮದ್ ಯೆಸವಿಯನ್ನು ಕುರಿತದ್ದು. ಮತ್ತೊಂದು ಅನಾತೋಲಿಯಾದ ಯೂನುಸ್ ಎಮ್ರೆಯನ್ನು ಕುರಿತದ್ದು. ಯೆಸವಿಯ ಭಾಗದ ಅನುಕ್ರಮವು ವಿಶೇಷವಾಗಿ ಗಮನಿಸತಕ್ಕದ್ದು. ಮೊದಲು ಭಕ್ತರು ಹೇಳುವ ಪವಾಡಗಳ ಕಥೆ, ಅದು ಮುಗಿದ ಮೇಲೆ ಪ್ರಮಾಣಗಳಿಂದ ನಿಲ್ಲುವ ಚರಿತ್ರೆ. ಐತಿಹ್ಯವನ್ನು ಸುಳ್ಳೆಂದು ಎಸೆದಿಲ್ಲ, ಚರಿತ್ರೆಯೊಳಕ್ಕೆ ಕಲಸಿಯೂ ಇಲ್ಲ. ಒಬ್ಬ ಸಂತನ ವಿಷಯದಲ್ಲಿ ಜನರು ಏನನ್ನು ನಂಬಿದ್ದರೆಂಬುದು ತಾನೇ ಒಂದು ಸಂಗತಿ. ಆ ನಂಬಿಕೆ ನಿಜವೇ ಎಂಬುದು ಬೇರೆ ಸಂಗತಿ. ಇವೆರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿಟ್ಟು ಬರೆಯುವ ಸಂಯಮವು ದೊಡ್ಡದು.

ಹೀಗಿದ್ದರೂ ಗ್ರಂಥದ ಮುಖ್ಯ ಪ್ರತಿಜ್ಞೆಯು ಈ ಸಂಯಮವನ್ನು ಮೀರುತ್ತದೆ. ಯೆಸವಿಯಿಂದ ಯೂನುಸನವರೆಗೆ, ಮಧ್ಯ ಏಷ್ಯದಿಂದ ಅನಾತೋಲಿಯಾದವರೆಗೆ, ಒಂದೇ ಜನಾಂಗದ ಒಂದೇ ಕಾವ್ಯಪರಂಪರೆಯು ಕಡಿಯದೆ ಹರಿದುಬಂದಿತೆಂಬುದೇ ಆ ಪ್ರತಿಜ್ಞೆ. ಯೆಸವಿಯ ಹೆಸರಿನಲ್ಲಿ ನಡೆಯುವ ‘ಹಿಕ್ಮತ್’ಗಳೆಂಬ ಪದ್ಯಗಳಿಗೆ ದೊರೆಯುವ ಪ್ರತಿಗಳು ಅವನ ಕಾಲಕ್ಕೆ ಬಹಳ ಈಚಿನವು. ಇದನ್ನು ಕೋಪ್ರುಲು ತಾವೇ ಒಪ್ಪುತ್ತಾರೆ. ಆದರೆ ಅವು ಶಿಷ್ಯಪರಂಪರೆಯವರ ರಚನೆಯಾದರೂ ರೂಪದಲ್ಲಿಯೂ ಭಾವದಲ್ಲಿಯೂ ಗುರುವಿನ ಪದ್ಯಗಳಿಂದ ಬೇರೆಯಾಗಿರಲಾರವೆಂದು ಮುಂದಕ್ಕೆ ಸಾಗುತ್ತಾರೆ. ಪರಂಪರೆಯು ಕೆಡದೆ ಬಂದಿತೆಂಬುದೇ ಸಾಧಿಸಬೇಕಾದ ವಿಷಯವಾಗಿರಲು, ಕೆಡದೆ ಬರುವುದು ಪರಂಪರೆಯ ಸ್ವಭಾವವೆಂದು ಹೇತುವನ್ನು ಕೊಟ್ಟರೆ ಅದು ಸಾಧ್ಯಸಮವೆಂಬ ಹೇತ್ವಾಭಾಸ. ಅನಾತೋಲಿಯಾದ ಕಡೆಯ ಸೇತುವೂ ಇಷ್ಟೇ ದುರ್ಬಲ. ಹಾಜಿ ಬೆಕ್ತಾಶನನ್ನು ಯೆಸವಿಗೆ ಜೋಡಿಸುವ ಬೆಕ್ತಾಶೀ ಪಂಥದ ಕಥೆಗಳು ಕಾಲಗಣನೆಗೆ ಹೊಂದುವುದಿಲ್ಲ. ಆದರೂ ಹಳೆಯದೊಂದು ಸಂಬಂಧದ ನೆನಪು ಅವುಗಳಲ್ಲಿ ಉಳಿದಿದೆಯೆಂದು ಗ್ರಂಥಕಾರರು ಅವುಗಳನ್ನು ಪ್ರಮಾಣದ ಪಂಕ್ತಿಯಲ್ಲಿ ಕೂರಿಸುತ್ತಾರೆ. ಹೊರಗಟ್ಟಿದ ಐತಿಹ್ಯವು ಹಿಂಬಾಗಿಲಿನಿಂದ ಒಳಕ್ಕೆ ಬರುವುದು ಇಲ್ಲಿಯೇ. ಸಾಮ್ರಾಜ್ಯವು ಮುರಿದುಬೀಳುತ್ತಿದ್ದ ವರ್ಷದಲ್ಲಿ ಕಡಿಯದ ಪರಂಪರೆಯೊಂದು ಬೇಕೆನಿಸಿದ್ದು ಅಸಹಜವಲ್ಲ. ಆದರೆ ಬೇಕೆನಿಸಿದ್ದು ಹೇತುವಾಗುವುದಿಲ್ಲ. ತಮ್ಮ ಗ್ರಂಥವನ್ನು ತಾವೇ ತಿದ್ದುವ ಪ್ರಾಮಾಣಿಕತೆಯು ಕೋಪ್ರುಲುವಿಗಿತ್ತೆಂಬುದನ್ನೂ ಇಲ್ಲಿ ಹೇಳಬೇಕು: ಇಸ್ಲಾಂ ವಿಶ್ವಕೋಶದ ತುರ್ಕೀ ಆವೃತ್ತಿಗೆ ಬರೆದ ಯೆಸವಿಯ ಲೇಖನದಲ್ಲಿ, ಶುದ್ಧ ಸಂಪ್ರದಾಯಸ್ಥನಾದ ಯೆಸವಿಯ ಚಿತ್ರವನ್ನು ಅವರು ಸಡಿಲಿಸಿದರು. 2006ರಲ್ಲಿ ಗ್ರಂಥದ ಇಂಗ್ಲಿಷ್ ಅನುವಾದವು ಬಂದಾಗ ಅದಕ್ಕೆ ಮುನ್ನುಡಿ ಬರೆದ ಡೆವಿನ್ ಡಿವೀಸ್ ಈ ಪರಂಪರೆಯ ಸಿದ್ಧಾಂತವನ್ನೇ ಕಟುವಾಗಿ ಪರೀಕ್ಷಿಸಿದ್ದಾರೆ.

ಉಸ್ಮಾನೀ ರಾಜ್ಯದ ಮೂಲವನ್ನು ಕುರಿತು 1935ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿಯೂ ಇದೇ ಹಂಬಲವುಂಟು, ಆದರೆ ಅಲ್ಲಿ ಪ್ರಮಾಣವು ಬಲವಾಗಿದೆ. ಉಸ್ಮಾನೀಯರು ತಮ್ಮ ಆಡಳಿತವನ್ನು ಬಿಜಾಂಟಿಯಮ್ಮಿನಿಂದ ಪಡೆದರೆಂದು ಗಿಬ್ಬನ್ಸ್ 1916ರಲ್ಲಿ ವಾದಿಸಿದ್ದರು. ಒಂದು ಬುಡಕಟ್ಟಿನ ಕಥೆಯನ್ನು ಬಿಟ್ಟು ಹದಿಮೂರನೆಯ ಶತಮಾನದ ಅನಾತೋಲಿಯಾದ ಸಮಾಜವನ್ನೆಲ್ಲ ನೋಡಬೇಕೆಂದು ಕೋಪ್ರುಲು ಕೊಟ್ಟ ಉತ್ತರವು ಬಹುಕಾಲ ನಿಂತಿತು.

ಇಂಥ ವಿಧಾನಾಚಾರ್ಯರಿಗೆ ನಿಜವಾದ ಪರೀಕ್ಷೆಯು 1932ರಲ್ಲಿ ಬಂದಿತು. ಲೋಕದ ನಾಗರಿಕತೆಗಳೆಲ್ಲ ಮಧ್ಯ ಏಷ್ಯದ ತುರ್ಕರಿಂದಲೇ ಹರಡಿದವೆಂಬ ಸಿದ್ಧಾಂತವನ್ನು ಸರಕಾರವು ಹಿಡಿದಿತ್ತು. ಆ ವರ್ಷ ಅಂಕಾರದಲ್ಲಿ ನೆರೆದ ಇತಿಹಾಸ ಸಮ್ಮೇಳನವು ಅದಕ್ಕೆ ವಿದ್ವಾಂಸರ ಒಪ್ಪಿಗೆಯನ್ನು ಬಯಸಿತು. ಜೆಕಿ ವೆಲಿದಿ ಎಂಬ ಚರಿತ್ರಕಾರರು ನೇರವಾಗಿ ಎದುರಾಡಿ, ಅದರ ಫಲವಾಗಿ ದೇಶವನ್ನೇ ಬಿಟ್ಟು ವಿಯೆನ್ನಾ ಸೇರಿದರು. ಕೋಪ್ರುಲು ವಿಧಾನದ ವಿಷಯದಲ್ಲಿ ಒಂದೆರಡು ಎಚ್ಚರಿಕೆಯ ಮಾತುಗಳನ್ನಾಡಿ ಹಿಂದೆಗೆದರು. ಮೂರು ವರ್ಷಗಳ ತರುವಾಯ ಕಾರ್ಸ್ ಪ್ರಾಂತದ ಪ್ರತಿನಿಧಿಯಾಗಿ ಶಾಸನಸಭೆಯಲ್ಲಿದ್ದರು. ಕಡಿಯದ ಪರಂಪರೆಯನ್ನು ತಾವೇ ಬಯಸಿದ್ದವರಿಗೆ ಆ ಬಯಕೆಯ ಅತಿರೇಕವನ್ನು ಖಂಡಿಸುವ ನೆಲೆ ಗಟ್ಟಿಯಾಗಿರಲಿಲ್ಲ. ರಾಜಕಾರಣವು ಹೊರಗಿನಿಂದ ಬಂದು ಪಾಂಡಿತ್ಯವನ್ನು ನುಂಗಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಆದರೆ ಅವರನ್ನು ಭೀರುವೆಂದು ಕರೆದುಬಿಡುವುದೂ ನ್ಯಾಯವಲ್ಲ. 1945ರ ಜೂನ್ 7ರಂದು ಆಳುವ ಪಕ್ಷದಲ್ಲಿದ್ದುಕೊಂಡೇ ಸ್ವಾತಂತ್ರ್ಯಗಳನ್ನು ಕೇಳಿದ ನಾಲ್ವರ ಮನವಿಗೆ ಬಾಯಾರ್, ಮೆಂದೆರೆಸ್, ಕೊರಾಲ್ತಾನ್ ಇವರೊಡನೆ ಕೋಪ್ರುಲುವೂ ಸಹಿ ಹಾಕಿದರು. ಪಕ್ಷವು ಅವರನ್ನು ಹೊರಕ್ಕೆ ಹಾಕಿತು. 1946ರ ಜನವರಿಯಲ್ಲಿ ನಾಲ್ವರೂ ಕೂಡಿ ಡೆಮೊಕ್ರಾಟ್ ಪಕ್ಷವನ್ನು ಸ್ಥಾಪಿಸಿದರು. 1950ರ ಮೇ ತಿಂಗಳ ಚುನಾವಣೆಯಲ್ಲಿ ಅದು ಗೆದ್ದಿತು. ಅವರು ವಿದೇಶಾಂಗ ಮಂತ್ರಿಯಾಗಿದ್ದಾಗಲೇ 1952ರಲ್ಲಿ ತುರ್ಕಿಯು ನೇಟೋ ಒಕ್ಕೂಟವನ್ನು ಸೇರಿತು. ಸಂಧಿವಿಗ್ರಹಗಳ ಮಿಕ್ಕ ವಿವರವು ಇಲ್ಲಿ ಅಪ್ರಕೃತ. ಪ್ರಕೃತವಾದುದು 1953ರ ಶಾಸನ. ಪ್ರಾಧ್ಯಾಪಕರು ಪಕ್ಷರಾಜಕಾರಣದಲ್ಲಿ ತೊಡಗಬಾರದೆಂದು ಅದು ವಿಧಿಸಿತು. ಪೀಠದಿಂದ ಶಾಸನಸಭೆಗೆ ನಡೆದುಹೋದವರು ಮಂತ್ರಿಮಂಡಲದಲ್ಲಿ ಕುಳಿತಿರುವಾಗಲೇ ಆ ದಾರಿಗೆ ಬೇಲಿ ಬಿದ್ದಿತು! 1956ರಲ್ಲಿ ಅವರು ಮಂತ್ರಿಪದವನ್ನೂ 1957ರಲ್ಲಿ ತಾವೇ ಕಟ್ಟಿದ ಪಕ್ಷವನ್ನೂ ಬಿಟ್ಟರು. 1960ರ ಸೈನಿಕ ಕ್ರಾಂತಿಯ ಅನಂತರ, 1955ರ ಸೆಪ್ಟೆಂಬರಿನಲ್ಲಿ ಇಸ್ತಾಂಬುಲಿನ ಗ್ರೀಕರ ಮೇಲೆ ನಡೆದ ದೊಂಬಿಯ ಸಂಬಂಧವಾಗಿ ಯಾಸ್ಸಿಯಾದಾ ದ್ವೀಪದಲ್ಲಿ ವಿಚಾರಣೆಗೆ ಗುರಿಯಾಗಿ, ನಿರ್ದೋಷಿಯೆಂದು ಬಿಡುಗಡೆ ಹೊಂದಿದರು. 1966ರ ಜೂನ್ 28ರಂದು ತೀರಿಕೊಂಡರು.

1926ರಲ್ಲಿ ಅವರು ಮುದ್ರಣಕ್ಕೆ ತೊಡಗಿದ ತುರ್ಕೀ ಸಾಹಿತ್ಯದ ಸಮಗ್ರ ಚರಿತ್ರೆಯು ಪೂರ್ಣವಾಗಲಿಲ್ಲ. ಅರಬ್ಬೀ ಲಿಪಿಯಲ್ಲಿ ಅಚ್ಚಾಗಿದ್ದ ಸೂಫಿಗಳ ಗ್ರಂಥವನ್ನು 1928ರ ಲಿಪಿಪರಿವರ್ತನೆಯ ಅನಂತರ ಶಾಲೆಗೆ ಹೋದವರು ಓದಲಾರದೆ ಇದ್ದರು. ಹೊಸ ಲಿಪಿಯ ಆವೃತ್ತಿಯು ಹೊರಟದ್ದು ಅವರು ತೀರಿಕೊಂಡ 1966ರಲ್ಲಿ. ಅದನ್ನು ಪಾಠಕ್ಕೆ ತೆಗೆದುಕೊಳ್ಳುವ ಅಧ್ಯಾಪಕರು ಪುಟದಡಿಯ ಟಿಪ್ಪಣಿಗಳನ್ನು ಬಿಡದೆ ಓದಿಸಬೇಕು. ಆಕರಗಳ ಬಲಾಬಲವನ್ನು ಗ್ರಂಥಕಾರರು ತೂಗಿರುವುದು ಹೆಚ್ಚಾಗಿ ಅಲ್ಲಿಯೇ.