ಒಂದು ತಿರುಚ್ಚಿ ಚಿರೂಟಿನ ಟಿಪ್ಪಣಿ: ಸಾಲುಸಾಲಿಗೆ ವ್ಯಾಖ್ಯಾನ

ಚೆನ್ನೈಯಲ್ಲಿ ಕೊಂಡ ಒಂದು ತಿರುಚ್ಚಿ ಚಿರೂಟನ್ನು ಪರೀಕ್ಷಿಸಿ ನಾನು ಬರೆದಿಟ್ಟುಕೊಂಡ ಟಿಪ್ಪಣಿ ಇದು. ಸಿಗಾರ್ ಪರೀಕ್ಷೆ ಮಾಡುವವರು ಬರೆಯುವುದೇ ಹೀಗೆ, ತಂತಿ ಕಳಿಸಿದ ಹಾಗೆ ಚುಟುಕಾಗಿ. ಒಂದೊಂದು ಸಾಲಿನ ಹಿಂದೆಯೂ ಮಣ್ಣು, ನೀರು, ಸುತ್ತಿದ ಕೈ, ಕಾದ ತಿಂಗಳುಗಳು ಇರುತ್ತವೆ. ಅದನ್ನು ಬಿಡಿಸಿ ಹೇಳುವ ಅಗತ್ಯ ನನಗೆ ಕಂಡದ್ದು, ಈ ಚಿರೂಟಿಗೆ ಬಳಸುವ ದಿಂಡಿಗಲ್ ಸೀಮೆಯ ಎಲೆಯನ್ನು ಇವತ್ತು ಮುಟ್ಟಿಯೂ ನೋಡದೆ ‘ಒರಟು ಮಾಲು’ ಎಂದು ತಳ್ಳಿಹಾಕುವವರೇ ಹೆಚ್ಚಾಗಿರುವುದರಿಂದ. ಹಿಂದೆ ಚೆನ್ನೈಯ ಮೌಂಟ್ ರೋಡಿನ ಸ್ಪೆನ್ಸರ್ ಕಂಪನಿ ದಿಂಡಿಗಲ್‌ನಲ್ಲಿ ಸಿಗಾರ್ ಕಾರ್ಖಾನೆ ನಡೆಸುತ್ತಿತ್ತು. ‘ಫ್ಲೋರ್ ದೆ ದಿಂಡಿಗಲ್’ ಎಂಬ ಹೆಸರು ಲಂಡನ್ನಿನ ಜಾಹೀರಾತುಗಳಲ್ಲಿ ಮೆರೆಯುತ್ತಿತ್ತು. ಅಷ್ಟು ಕಾಲ ಅಷ್ಟು ಜನ ಕಾಸು ಕೊಟ್ಟು ಕೊಂಡ ಎಲೆಯಲ್ಲಿ ಏನಿತ್ತು ಎಂದು ಕೇಳಬೇಕಾದ್ದು ನ್ಯಾಯ.

ಎರಡೂ ತುದಿ ತೆರೆದದ್ದು. ಹೊದಿಕೆ ಕಂದುಗಪ್ಪು, ನರ ಎದ್ದಿದೆ, ಪಸೆ ಕಡಿಮೆ.

ಹವಾನಾ ಸಿಗಾರಿನ ಬಾಯಿಗಿಡುವ ತುದಿಗೆ ಎಲೆಯದೇ ಒಂದು ಟೋಪಿ ಅಂಟಿಸಿರುತ್ತಾರೆ. ಸೇದುವವನು ಅದನ್ನು ಕತ್ತರಿಸಿಕೊಳ್ಳಬೇಕು. ಚಿರೂಟಿಗೆ ಟೋಪಿಯಿಲ್ಲ, ಎರಡೂ ಕಡೆ ಬೋಳು. ಮಿಕ್ಕಂತೆ ಎರಡರ ಒಳರಚನೆ ಒಂದೇ: ಒಳಗೆ ಹೂರಣದ ಎಲೆ, ಅದನ್ನು ಹಿಡಿದಿಡುವ ಕಟ್ಟೆಲೆ, ಎಲ್ಲಕ್ಕೂ ಹೊರಗೆ ಹೊದಿಕೆ ಎಲೆ. ಹೊದಿಕೆಗೆ ಬೇಕಾದ್ದು ತೆಳುವಾದ, ಎಳೆದರೆ ಹಿಗ್ಗುವ, ನರ ಸಣ್ಣಗಿರುವ ಎಲೆ. ದಿಂಡಿಗಲ್ ಎಲೆ ಹೂರಣಕ್ಕೆ ಒಳ್ಳೆಯದು, ಹೊದಿಕೆಗೆ ಅಷ್ಟಕ್ಕಷ್ಟೆ. ಹಿಂದಿನ ಕಾರ್ಖಾನೆಗಳು ಹೊದಿಕೆಯನ್ನು ಜಾವಾ, ಸುಮಾತ್ರಾ ಕಡೆಯಿಂದ ತರಿಸುತ್ತಿದ್ದುದು ಈ ಕಾರಣಕ್ಕೇ.

ಆದ್ದರಿಂದ ನರ ಎದ್ದಿದೆ ಎಂದು ನಾನು ಬರೆದದ್ದು ದೂರಲ್ಲ, ಹೊದಿಕೆಯೂ ಈ ಕಡೆಯದೇ ಎಲೆಯಿರಬೇಕು ಎಂಬ ಗುರುತು. ದೂರಬೇಕಾದವು ಬೇರೆ ಇವೆ: ಬಿರುಕು, ತೇಪೆ, ಗುಂಡುಸೂಜಿಯ ಮೊನೆಯಷ್ಟು ಸಣ್ಣ ತೂತು. ತೂತು ಕಂಡರೆ ಒಳಗೆ ಹೊಗೆಸೊಪ್ಪಿನ ಹುಳ ಇದೆ ಅಥವಾ ತಿಂದು ಹೋಗಿದೆ. ಸೆಕೆ ಏರಿದರೆ ಮೊಟ್ಟೆ ಒಡೆಯುವ ಈ ಹುಳಕ್ಕೆ ಚೆನ್ನೈ ಹೇಳಿ ಮಾಡಿಸಿದ ಊರು. ಬಣ್ಣದ ಬಗ್ಗೆಯೂ ಒಂದು ಮಾತು. ಕಪ್ಪಗಿದ್ದರೆ ಖಾರ, ತಿಳಿಯಾಗಿದ್ದರೆ ಸೌಮ್ಯ ಎಂಬ ನಂಬಿಕೆಗೆ ಆಧಾರವಿಲ್ಲ. ಬಲ ಇರುವುದು ಹೆಚ್ಚಾಗಿ ಹೂರಣದಲ್ಲಿ, ಅದು ಹೊರಗೆ ಕಾಣದು.

ಒತ್ತಿದರೆ ಒಂದೇ ಸಮ. ಹೊತ್ತಿಸದೆ ಎಳೆದರೆ ಗಾಳಿ ಸಲೀಸು.

ಇದು ಸುತ್ತಿದ ಕೈಗೆ ಸಲ್ಲಬೇಕಾದ ಮೆಚ್ಚುಗೆ. ಹೂರಣವನ್ನು ಹೆಚ್ಚು ತುರುಕಿದರೆ ಗಂಟುಕಟ್ಟಿ ಗಾಳಿ ಆಡುವುದಿಲ್ಲ. ಕಡಿಮೆಯಾದರೆ ಬೆಂಕಿ ಧಾವಿಸಿ ಬಾಯಿ ಸುಡುತ್ತದೆ. ತಿರುಚ್ಚಿಯ ಉರೈಯೂರಿನಲ್ಲಿ ಸುತ್ತುವವರು ಈ ಹದವನ್ನು ತೂಕದ ಕಲ್ಲಿಲ್ಲದೆ ಬೆರಳಿನಲ್ಲೇ ಅಳೆಯುತ್ತಾರೆ.

ತಣ್ಣಗಿನ ವಾಸನೆ: ಒಣಹುಲ್ಲು, ಹಳೇ ಮರದ ಪೆಟ್ಟಿಗೆ. ಅಮೋನಿಯದ ಘಾಟಿಲ್ಲ.

ಟಿಪ್ಪಣಿಯ ತೂಕದ ಸಾಲು ಇದೇ ಎಂದು ನನ್ನ ಎಣಿಕೆ. ಒಣಗಿದ ಎಲೆಯನ್ನು ತೇವ ಮಾಡಿ ಗುಡ್ಡೆ ಹಾಕಿದರೆ ಅದು ತನ್ನಷ್ಟಕ್ಕೆ ಬಿಸಿಯೇರುತ್ತದೆ. ಕೈ ಹಾಕಿದರೆ ಸುಡುವಷ್ಟು ಕಾದಾಗ ಗುಡ್ಡೆ ಒಡೆದು, ಒಳಗಿನದು ಹೊರಗೆ ಬರುವಂತೆ ತಿರುವಿ, ಮತ್ತೆ ಒಟ್ಟುತ್ತಾರೆ. ಹೀಗೆ ಹಲವು ಸಲ ಆಗಬೇಕು. ಆ ಬಿಸಿಯಲ್ಲಿ ಎಲೆಯ ಸಾರಜನಕದ ಅಂಶ ಒಡೆದು ಅಮೋನಿಯವಾಗಿ ಹೊರಹೋಗುತ್ತದೆ, ನಿಕೋಟಿನ್ ಸ್ವಲ್ಪ ಇಳಿಯುತ್ತದೆ, ಒರಟುತನ ಕಳೆದು ಪರಿಮಳ ಬರುತ್ತದೆ. ಅವಸರ ಮಾಡಿದವನ ಮಾಲು ಮೂಗಿಗೆ ಹಿಡಿದ ಕೂಡಲೇ ಕಣ್ಣಲ್ಲಿ ನೀರು ತರಿಸುತ್ತದೆ. ಯಾವ ಪೆಟ್ಟಿಗೆ, ಯಾವ ಬಂಗಾರದ ಪಟ್ಟಿಯೂ ಆ ಘಾಟನ್ನು ಮುಚ್ಚಲಾರದು.

ಹದವಾಗಿ ಕಾದ ಎಲೆ ಮನೆಗೆ ಬಂದ ಮೇಲೂ ಕೆಡಬಹುದು. ಸಿಗಾರಿಗೆ ಬೇಕಾದ ತೇವ ಶೇಕಡಾ 65ರಿಂದ 70. ಸಮುದ್ರ ಪಕ್ಕದಲ್ಲೇ ಇರುವ ಚೆನ್ನೈಯಲ್ಲಿ ಗಾಳಿಯ ತೇವ ಅದನ್ನು ಮೀರುವ ದಿನಗಳೇ ಜಾಸ್ತಿ. ತೆರೆದಿಟ್ಟರೆ ಹೂರಣ ಊದಿಕೊಂಡು ಹೊದಿಕೆ ಸೀಳುತ್ತದೆ, ಬೂಷ್ಟು ಹಿಡಿಯುತ್ತದೆ. ಹಾಗಂತ ಎಸಿ ಕೋಣೆಯಲ್ಲಿ ಬಿಟ್ಟರೆ ಒಣಗಿ ಗರಿಗರಿಯಾಗಿ, ಪರಿಮಳದ ಎಣ್ಣೆ ಆರಿಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯೊಂದೇ ದಾರಿ. ವಿದೇಶಿ ಪುಸ್ತಕಗಳು ಡಬ್ಬಿಗೆ ನೀರು ಸೇರಿಸುವ ಉಪಾಯ ಹೇಳುತ್ತವೆ. ಇಲ್ಲಿ ಬಹುಪಾಲು ನೀರನ್ನು ಹೊರಗಿಡುವುದೇ ಕೆಲಸ.

ಬೆಂಕಿ ಒಂದು ಮಗ್ಗುಲಿಗೆ ಓಡಿತು. ಮುಟ್ಟದೆ ಬಿಟ್ಟೆ, ಸರಿಹೋಯಿತು. ಬೂದಿ ಕಪ್ಪು, ಪದರುಪದರು.

ಕಡ್ಡಿ ಗೀರಿದ ತಕ್ಷಣದ ಗಂಧಕದ ಹೊಗೆ ಹೋಗಲು ಬಿಟ್ಟು, ಆಮೇಲೆ ಜ್ವಾಲೆ ತಾಕದ ಹಾಗೆ ತುದಿಯನ್ನು ಸುತ್ತಲೂ ಕಾಯಿಸಿ ಹೊತ್ತಿಸಬೇಕು. ಆದರೂ ಕೆಲವೊಮ್ಮೆ ಉರಿ ಒಂದು ಪಕ್ಕಕ್ಕೆ ವಾಲುತ್ತದೆ. ಒಳ್ಳೆಯ ಕಟ್ಟಿನ ಸಿಗಾರ್ ಆ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಮತ್ತೆ ಮತ್ತೆ ಕಡ್ಡಿ ಹಿಡಿಯಬೇಕಾಗಿ ಬಂದರೆ ಅದು ನಿಜವಾದ ದೋಷ.

ಈ ದೋಷದ ಬೇರು ಎಷ್ಟೋ ಸಲ ಬಾವಿಯ ನೀರಿನಲ್ಲಿರುತ್ತದೆ. ಎಲೆಯಲ್ಲಿ ಪೊಟ್ಯಾಷ್ ಚೆನ್ನಾಗಿದ್ದರೆ ಕೆಂಡ ನಿಲ್ಲುತ್ತದೆ. ಕ್ಲೋರೈಡ್ ಹೆಚ್ಚಿದರೆ ಎಲೆ ತೇವ ಹಿಡಿದು ಕೆಂಡ ಆರುತ್ತದೆ. ತಮಿಳುನಾಡಿನ ಒಣಸೀಮೆಯ ಬಾವಿಗಳಲ್ಲಿ ಉಪ್ಪುನೀರು ಸಾಮಾನ್ಯ. ಆ ನೀರುಂಡ ದಪ್ಪ ಎಲೆ ಜಗಿಯುವ ಹೊಗೆಸೊಪ್ಪಿಗೆ ಸೊಗಸು, ಬೆಲ್ಲದ ನೀರಿನಲ್ಲಿ ಹದ ಮಾಡಿದರೆ ಅದಕ್ಕೆ ಬೇಡಿಕೆಯೂ ಇದೆ. ಸುಡುವ ಎಲೆಗೆ ಮಾತ್ರ ಅದೇ ನೀರು ಶಾಪ. ದಿಂಡಿಗಲ್ ಬಳಿಯ ವೇಡಸಂದೂರಿನಲ್ಲಿ ಹೊಗೆಸೊಪ್ಪಿನ ಸಂಶೋಧನಾ ಕೇಂದ್ರ ಇರುವುದು ಜಗಿಯುವ ಎಲೆ, ಸುತ್ತುವ ಎಲೆ ಎರಡನ್ನೂ ನೋಡಿಕೊಳ್ಳಲು. ಒಂದೇ ಜಿಲ್ಲೆಯಲ್ಲಿ, ಒಂದು ಹೊಲದ ಅಂತರದಲ್ಲಿ, ಎರಡರ ಹಣೆಬರಹ ಬೇರೆಯಾಗುತ್ತದೆ.

ಇನ್ನು ಬೂದಿ. ಬಿಳಿ ಬೂದಿ ಉದ್ದಕ್ಕೆ ಉದುರದೆ ನಿಂತರೆ ಸಿಗಾರ್ ಶ್ರೇಷ್ಠ ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಉದ್ದಕ್ಕೆ ನಿಲ್ಲುವುದು ಹೂರಣದ ಎಲೆ ಇಡಿಯಾಗಿದೆ, ಚೂರಲ್ಲ ಎಂಬುದಕ್ಕೆ ಸಾಕ್ಷಿ, ಅಲ್ಲಿಗೆ ಒಪ್ಪುತ್ತೇನೆ. ಬಣ್ಣ ಹೇಳುವುದು ಮಣ್ಣಿನ ಖನಿಜದ ಕತೆಯನ್ನು, ರುಚಿಯನ್ನಲ್ಲ. ತಿರುಚ್ಚಿ ಚಿರೂಟಿನ ಬೂದಿ ಕಪ್ಪೆಂಬುದು ಹಳೆಯ ಸುದ್ದಿ. 1887ರಲ್ಲಿ ಬಂದ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿಯಲ್ಲೇ ಆ ಪತ್ತೇದಾರ ನೆಲದ ಮೇಲೆ ಬಿದ್ದ ಕಡುಬಣ್ಣದ, ಪದರಾಗಿ ಏಳುವ ಬೂದಿಯನ್ನು ನೋಡಿ, ಕೊಲೆಗಾರ ಸೇದಿದ್ದು ತಿರುಚಿನಾಪಳ್ಳಿಯದೇ ಎಂದು ಗುರುತಿಸುತ್ತಾನೆ. ಅದನ್ನು ಬರೆದ ಕಾನನ್ ಡಾಯ್ಲ್‌ನ ಓದುಗರಿಗೆ ಆ ಹೆಸರು ವಿವರಣೆ ಬೇಡದಷ್ಟು ಪರಿಚಿತವಾಗಿತ್ತು. ನನ್ನ ಚಿರೂಟಿನ ಬೂದಿಯೂ ಕಪ್ಪಗಿತ್ತು, ಉಗುರಿನಿಂದ ಮುಟ್ಟಿದರೆ ತೆಳು ತೆಳು ಹಾಳೆಯಾಗಿ ಬಿಚ್ಚಿಕೊಂಡಿತು. ಇದಕ್ಕೆ ಅಂಕ ಕಳೆಯುವುದು ಊರಿನ ಮಣ್ಣಿಗೆ ದಂಡ ಹಾಕಿದಂತೆ.

ರುಚಿ: ಶುರುವಿಗೆ ಕರಿಮೆಣಸು, ನಡುವೆ ಹುರಿದ ಮೆಂತ್ಯ, ಕಡೆಗೆ ಕಹಿ.

ಸಿಗಾರಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ. ಬಾಯಲ್ಲಿ ಆಡಿಸಿ, ಒಂದಿಷ್ಟನ್ನು ಮೂಗಿನಿಂದ ಬಿಟ್ಟರೆ ಪರಿಮಳ ತಿಳಿಯುತ್ತದೆ. ನಾಲಗೆಗೆ ತಿಳಿಯುವುದು ಸಿಹಿ, ಕಹಿ, ಉಪ್ಪು, ಹುಳಿಯಂಥ ಕೆಲವೇ ರುಚಿ, ಮಿಕ್ಕದ್ದೆಲ್ಲ ಮೂಗಿನ ಪಾಲು. ಪರೀಕ್ಷೆಗೆ ಮುಂಚೆ ಫಿಲ್ಟರ್ ಕಾಫಿ ಕುಡಿಯಬಾರದು. ಚೆನ್ನೈಯಲ್ಲಿ ಇದು ಕಠಿಣ ನಿಯಮ, ಆದರೂ ಪಾಲಿಸಲೇಬೇಕು.

ಪಾಶ್ಚಾತ್ಯ ಪರೀಕ್ಷಕರು ದೇವದಾರು, ಚರ್ಮ, ಕೋಕೋ ಎಂದು ಬರೆಯುತ್ತಾರೆ, ಅದು ಅವರ ಅಡುಗೆಮನೆ, ಅವರ ಪೀಠೋಪಕರಣ. ನಮ್ಮ ಮೂಗು ಕಲಿತದ್ದು ಒಗ್ಗರಣೆಯ ಮುಂದೆ. ಹುರಿದ ಮೆಂತ್ಯದ ಆ ಸಿಹಿಗಹಿ ಅಂಚನ್ನು ನನ್ನ ಓದುಗರು ತಕ್ಷಣ ಹಿಡಿಯಬಲ್ಲರು. ಎರವಲು ಹೆಸರಿಟ್ಟರೆ ಇನ್ನೊಬ್ಬರು ಪರೀಕ್ಷಿಸಿ ಒಪ್ಪಲೂ ಆಗದು, ಅಲ್ಲಗಳೆಯಲೂ ಆಗದು.

ಹವಾನಾದ ಪಕ್ಕ ಇಟ್ಟು ಅಂಕ ಕೊಡಲಿಲ್ಲ.

ಅಮೆರಿಕದಲ್ಲಿ 1992ರಲ್ಲಿ ಆರಂಭವಾದ ‘ಸಿಗಾರ್ ಅಫಿಷಿಯನಾಡೊ’ ಪತ್ರಿಕೆ 100 ಅಂಕದ ಪದ್ಧತಿಯನ್ನು ಮನೆಮಾತು ಮಾಡಿತು. ಪಟ್ಟಿ ಕಿತ್ತು, ಹೆಸರು ತಿಳಿಯದ ಹಾಗೆ ಕೊಟ್ಟು ಸೇದಿಸುವುದು ಅದರ ಒಳ್ಳೆಯ ಗುಣ. ಆದರೆ ಹೊದಿಕೆಯ ನುಣುಪು, ಬೂದಿಯ ಬಿಳುಪು, ಟೋಪಿಯ ಅಂದ ಇವನ್ನು ಕ್ಯೂಬಾ ಮಾದರಿಯಲ್ಲಿ ಅಳೆಯುವವನ ಮುಂದೆ ಚಿರೂಟು ಬಾಯಿಗೆ ಹೋಗುವ ಮೊದಲೇ ಸೋತಿರುತ್ತದೆ.

ಕರ್ನಾಟಕದಲ್ಲಿ ನಾವು ಈ ತಪ್ಪು ಮಾಡುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಸಿಗರೇಟು ಎಲೆಗೆ ಹರಾಜು ಕಟ್ಟೆಯಲ್ಲಿ ಬಣ್ಣ, ಮೈಕಟ್ಟು ನೋಡಿ ದರ್ಜೆ ಹಾಕುತ್ತಾರೆ. ನಿಪ್ಪಾಣಿಯ ಬೀಡಿ ಹೊಗೆಸೊಪ್ಪನ್ನು ಆ ಕಣ್ಣಿನಿಂದ ಯಾರೂ ನೋಡುವುದಿಲ್ಲ, ಪುಡಿಯಾಗಬೇಕಾದ ಎಲೆಗೆ ಹೊಂಬಣ್ಣ ಯಾಕೆ? ದಿಂಡಿಗಲ್ ಎಲೆಗೂ ಅದೇ ನ್ಯಾಯ ಸಲ್ಲಬೇಕು. ತಿರುಚ್ಚಿಯನ್ನು ಹೊಗಳುವವರು ಕೂಡಲೇ ಚರ್ಚಿಲ್ ಹೆಸರು ತರುತ್ತಾರೆ, ಅವನಿಗೆ ಇಲ್ಲಿಂದ ಪೆಟ್ಟಿಗೆ ಹೋಗುತ್ತಿತ್ತು ಎನ್ನುತ್ತಾರೆ. 1895ರಲ್ಲಿ ಕ್ಯೂಬಾ ನೋಡಿ, 1896ರಲ್ಲಿ ಬೆಂಗಳೂರು ದಂಡಿಗೆ ಬಂದ ಆ ತರುಣ ಅಧಿಕಾರಿಯ ಪ್ರಮಾಣಪತ್ರ ಈ ಎಲೆಗೆ ಬೇಕಾಗಿಲ್ಲ. ಬೇಕಾದ್ದು ಬೇರೆ ಬೇರೆ ಹೊಲದ, ಬೇರೆ ಬೇರೆ ವರ್ಷದ ತಿರುಚ್ಚಿ ಚಿರೂಟುಗಳನ್ನೇ ಪಕ್ಕಪಕ್ಕ ಇಟ್ಟು ನೋಡುವ ತಾಳ್ಮೆ.

ಬಲ ಬೇಗ ಏರಿತು. ಕಡೇ ಪಾಲು ಬಿಟ್ಟೆ.

ಎದೆಗೆ ಎಳೆಯದಿದ್ದರೂ ತಲೆ ತಿರುಗುವುದೇಕೆ? ಹುಣಸೂರಿನ ಎಲೆಯನ್ನು ಬ್ಯಾರನ್ ಎಂಬ ಒಣಗಿಸುವ ಮನೆಯ ಬಿಸಿಯಲ್ಲಿ ಬೇಗ ಒಣಗಿಸುತ್ತಾರೆ, ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ, ಅದರ ಹೊಗೆಗೆ ಹುಳಿಗುಣ. ಆ ಹೊಗೆಯ ನಿಕೋಟಿನ್ ಬಾಯಲ್ಲಿ ಹೆಚ್ಚು ಇಂಗುವುದಿಲ್ಲ, ಸಿಗರೇಟು ಸೇದುವವನು ಎದೆಗೆ ಎಳೆಯುವುದು ಅದಕ್ಕೇ. ನಿಧಾನವಾಗಿ ಒಣಗಿ ಗುಡ್ಡೆಯಲ್ಲಿ ಕಾದ ಸಿಗಾರ್ ಎಲೆಯಲ್ಲಿ ಸಕ್ಕರೆ ಉಳಿದಿರುವುದಿಲ್ಲ, ಹೊಗೆಗೆ ಕ್ಷಾರಗುಣ. ನಿಕೋಟಿನ್ ಕೆನ್ನೆಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ಸೇದುತ್ತ ಹೋದಂತೆ ಟಾರು, ನಿಕೋಟಿನ್ ಹಿಂದಕ್ಕೆ ಸರಿದು ಕಡೇ ಪಾಲಿನಲ್ಲಿ ಶೇಖರವಾಗುತ್ತವೆ. ಅಲ್ಲಿ ಸಿಗುವುದು ಬಿಸಿ ಮತ್ತು ಕಹಿ, ಎಲೆಯ ಗುಣವಲ್ಲ.

ರುಚಿ ಕೊಡುವ ಈ ಬಾಯಿಯ ದಾರಿಯೇ ರೋಗದ ದಾರಿಯೂ ಹೌದು. ಎದೆಗೆ ಎಳೆಯದ ಸಿಗಾರ್ ನಿರಪಾಯ ಎಂಬುದು ಸುಳ್ಳು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಅದೂ ಕಾರಣ. ಆಂಧ್ರದ ಕರಾವಳಿಯಲ್ಲಿ ಚುಟ್ಟಾ ಎಂಬ ನಾಟಿ ಚಿರೂಟಿನ ಕೆಂಡದ ತುದಿಯನ್ನೇ ಬಾಯೊಳಗಿಟ್ಟು ಸೇದುವ ಹೆಂಗಸರಲ್ಲಿ ಅಂಗುಳಿನ ಕ್ಯಾನ್ಸರನ್ನು ವೈದ್ಯರು ಎಷ್ಟೋ ಕಾಲದಿಂದ ದಾಖಲಿಸಿದ್ದಾರೆ. ಮುತ್ತುಲಕ್ಷ್ಮಿ ರೆಡ್ಡಿ 1954ರಲ್ಲಿ ಆರಂಭಿಸಿದ ಅಡಯಾರಿನ ಕ್ಯಾನ್ಸರ್ ಆಸ್ಪತ್ರೆ ಇರುವ ಊರಿನಲ್ಲಿ ಕೂತು ಇದನ್ನು ಬರೆಯದೆ ಬಿಡುವುದು ನನ್ನಿಂದಾಗದು. ನನ್ನ ಪಟ್ಟಿಯಲ್ಲಿ ಬಲಕ್ಕೆ ಅಂಕವೇ ಇಲ್ಲ. ಎಷ್ಟು ಏರಿತು ಎಂದು ಬರೆದಿಡುತ್ತೇನೆ, ಮುಂದಿನವರು ಅಷ್ಟು ದೂರ ಹೋಗದಿರಲಿ ಎಂದು.