ಗೊಂಬೆಯ ಮರ, ಗಿಟಾರಿನ ದಂಡಿ

ಚನ್ನಪಟ್ಟಣದಲ್ಲಿ ಕೂತು ಪೆಟ್ಟಿಗೆ ಗಿಟಾರ್ ಕಟ್ಟುತ್ತೇನೆ ಎಂದರೆ ಯಾರ ಬಾಯಲ್ಲೂ ಮೊದಲು ಬರುವ ಹೆಸರು ಆಲೆ ಮರದ್ದು. ಊರಿಗೆ ಅನ್ನ ಕೊಟ್ಟ ಮರ, ಗೊಂಬೆ ಕಸುಬಿನ ಬಾವಾಸ್ ಮಿಯಾನ್ ಕಾಲದಿಂದ ಲೇತಿನ ಮೇಲೆ ತಿರುಗುತ್ತ ಬಂದ ಮರ, ಭೌಗೋಳಿಕ ಸೂಚಿಕೆ ಪಡೆದ ಗೊಂಬೆಗಳ ಮರ. ಊರಿನ ಮರದಲ್ಲೇ ಊರಿನ ವಾದ್ಯ ಎಂದರೆ ಕೇಳುವುದಕ್ಕೂ ಚೆಂದ. ಆದರೂ ಗಿಟಾರಿನ ದಂಡಿಗೆ ಆಲೆ ಮರ ಹಿಡಿಯುವುದು ಅಭಿಮಾನದ ಆಯ್ಕೆಯೇ ಹೊರತು ವಿವೇಚನೆಯದಲ್ಲ. ಅದಕ್ಕಿಂತ ದೊಡ್ಡ ಎಡವಟ್ಟೆಂದರೆ, ಮೇಪಲ್ಲೇ ಬೇಕು, ಮಹಾಗನಿಯೇ ಬೇಕು ಎಂದು ಬೆಂಗಳೂರಿನ ಅಂಗಡಿಗಳನ್ನು ಸುತ್ತುವುದು. ರಾಮನಗರ ಸೀಮೆಯಲ್ಲಿ ಸಾಮಿಲ್ಲು, ಗುಜರಿ, ತೋಟ, ಕಾಡಂಚು ಎಲ್ಲವೂ ಇರುವಾಗ ಎರಡರ ಅಗತ್ಯವೂ ಇಲ್ಲ.

ಸಿಗಾರ್ ಪೆಟ್ಟಿಗೆಯ ಗಿಟಾರ್ ಹುಟ್ಟಿದ್ದು 19ನೇ ಶತಮಾನದ ಅಮೆರಿಕದಲ್ಲಿ, ಅಂಗಡಿಯ ವಾದ್ಯ ಕೊಳ್ಳಲಾಗದವರ ಕೈಯಲ್ಲಿ. ಸಿಗಾರ್ ಮುಗಿದ ಮೇಲೆ ಉಳಿದ ತೆಳು ಹಲಗೆಯ ಪೆಟ್ಟಿಗೆ, ಒಂದು ಕೋಲು, ಸಿಕ್ಕಿದ ತಂತಿ, ಇಷ್ಟೇ. 1880ರ ದಶಕದಲ್ಲಿ ಡೇನಿಯಲ್ ಬಿಯರ್ಡ್ ಇಂಥದೇ ಪೆಟ್ಟಿಗೆ ಬ್ಯಾಂಜೊ ಕಟ್ಟುವ ಬಗೆಯನ್ನು ಹುಡುಗರಿಗೆಂದು ಬರೆದ. ನಮ್ಮಲ್ಲಿ ಸಿಗಾರ್ ಸೇದುವವರೇ ಕಡಿಮೆ, ಪೆಟ್ಟಿಗೆ ಎಲ್ಲಿಂದ ಬರಬೇಕು? ಉಡುಗೊರೆಯಾಗಿ ಬಂದ ದ್ರಾಕ್ಷಿ ಗೋಡಂಬಿಯ ಮರದ ಡಬ್ಬಿಯೋ, ಬಿಸ್ಕತ್ತಿನ ತಗಡಿನ ಡಬ್ಬಿಯೋ ಆದೀತು. ಯಾಕೆಂದರೆ ಈ ವಾದ್ಯದಲ್ಲಿ ಪೆಟ್ಟಿಗೆ ಭಾರ ಹೊರುವುದಿಲ್ಲ. ಕೋಲು ಪೆಟ್ಟಿಗೆಯ ಒಂದು ಬದಿಯಲ್ಲಿ ಹೊಕ್ಕು ಇನ್ನೊಂದು ಬದಿಯಲ್ಲಿ ಹೊರಬರುತ್ತದೆ, ತಂತಿಯ ಎರಡು ತುದಿಯೂ ಕೋಲಿಗೇ ಬಿಗಿದಿರುತ್ತದೆ. ದನಿ ಪೆಟ್ಟಿಗೆಯದು, ಎಳೆತವೆಲ್ಲ ಆ ಕೋಲಿನದು, ಅಂದರೆ ದಂಡಿಯದು.

ಈ ಕಟ್ಟೋಣ ನಮಗೇನೂ ಹೊಸದಲ್ಲ. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಹೆದ್ದಾರಿ ಪಕ್ಕದಲ್ಲಿ ತೆರೆದ ಜಾನಪದ ಲೋಕದಲ್ಲಿ ವಾದ್ಯಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಗೊತ್ತಾಗುತ್ತದೆ. ಏಕತಾರಿಯಲ್ಲಿ ಬಿದಿರು ಸೋರೆಬುರುಡೆಯನ್ನು ತೂರಿಕೊಂಡೇ ಹೋಗುತ್ತದೆ. ಬುರುಡೆ ತೆಗೆದು ಪೆಟ್ಟಿಗೆ ಇಟ್ಟರೆ ಅದೇ ಅಮೆರಿಕದ ಗಿಟಾರಿನ ಮೂಲರೂಪ. ಆದರೆ ನಮ್ಮ ಏಕತಾರಿಗೂ, ಕನಕಪುರ ದಾಟಿ ಮಳವಳ್ಳಿ ಕಡೆಗೆ ಹೋದರೆ ಸಿಗುವ ನೀಲಗಾರರ ತಂಬೂರಿಗೂ ಸ್ವರಕ್ಕಾಗಿ ತಂತಿ ಒತ್ತುವ ಮೆಟ್ಟಿಲುಗಳಿಲ್ಲ. ಶ್ರುತಿ ಹಿಡಿದುಕೊಂಡಿರುವುದು ಅವುಗಳ ಕೆಲಸ. ಮಳೆಗಾಲದಲ್ಲಿ ದಂಡಿ ಕೊಂಚ ಬಾಗಿದರೂ ಬಿರಡೆ ತಿರುವಿ ಸರಿಮಾಡಿಕೊಂಡರೆ ಹಾಡು ನಡೆಯುತ್ತದೆ. ರಾತ್ರಿಯಿಡೀ ಮಂಟೇಸ್ವಾಮಿ ಕತೆ ಹಾಡುವವನಿಗೆ ಹೆಗಲ ಮೇಲಿನ ವಾದ್ಯ ಹಗುರವಾಗಿರುವುದೇ ಹೆಚ್ಚು.

ಮೆಟ್ಟಿಲು ಕೂರಿಸಿದ ಗಿಟಾರಿಗೆ ಆ ಸಲುಗೆಯಿಲ್ಲ. ದಂಡಿ ಮುಂದಕ್ಕೆ ಒಂದೆರಡು ಮಿಲಿಮೀಟರ್ ಬಾಗಿದರೂ ತಂತಿ ಎತ್ತರವಾಗಿ, ಒತ್ತಿದಾಗ ಸ್ವರ ಏರಿಬಿಡುತ್ತದೆ. ಹಿಂದಕ್ಕೆ ಬಾಗಿತೋ, ತಂತಿ ಮೆಟ್ಟಿಲಿಗೆ ತಾಗಿ ಝರ್ರೆನ್ನುತ್ತದೆ. ಶ್ರುತಿಯ ಏಕತಾರಿಗೂ ಮೆಟ್ಟಿಲಿನ ಗಿಟಾರಿಗೂ ನಡುವೆ ಮೂರನೆಯ ದಾರಿಯೊಂದಿದೆ: ಗೋಟುವಾದ್ಯದಂತೆ ತಂತಿಯ ಮೇಲೆ ಗಾಜಿನ ಕೊಳವೆ ಜಾರಿಸಿ ನುಡಿಸುವುದು. ಪೆಟ್ಟಿಗೆ ಗಿಟಾರಿನವರಲ್ಲಿ ಬಹಳ ಮಂದಿ ನುಡಿಸುವುದು ಹೀಗೆಯೇ. ಇಲ್ಲಿ ದಂಡಿಯ ಸಣ್ಣ ಡೊಂಕು ಕ್ಷಮ್ಯ. ಆದ್ದರಿಂದ ಯಾವ ಮರ ಎಂದು ಕೇಳಿಕೊಂಡು ಬಂದವರಿಗೆ ಹೇಗೆ ನುಡಿಸುತ್ತೀರಿ ಎಂದು ಮೊದಲು ತಿರುಗಿ ಕೇಳಬೇಕು. ಮರದ ಜಾತಿಯಿಂದಲೇ ಮಾತು ಶುರುಮಾಡುವವರು ಕಾರ್ಖಾನೆಯ ಗಿಟಾರಿನ ಜಾಹೀರಾತು ಓದಿ ಬಂದವರು.

ಲೆಕ್ಕವನ್ನೂ ಸ್ವಲ್ಪ ನೋಡಿಬಿಡೋಣ. ಉಕ್ಕಿನ ಆರು ತಂತಿಯ ಗಿಟಾರಿನಲ್ಲಿ ಒಟ್ಟು ಎಳೆತ ಸುಮಾರು 70 ಕಿಲೋ; ಅದಕ್ಕೇ ಅದರ ದಂಡಿಯೊಳಗೆ ಉಕ್ಕಿನ ಸರಳು ಹುದುಗಿಸುತ್ತಾರೆ. ಮೂರು ತಂತಿಯ ಪೆಟ್ಟಿಗೆ ಗಿಟಾರಿನಲ್ಲಿ ಎಳೆತ ಅದಕ್ಕಿಂತ ಬಹಳ ಕಡಿಮೆ, ಸರಳು ಬೇಕಿಲ್ಲ. ಅಮೆರಿಕದವರು ಒಂದಕ್ಕೆ ಎರಡು ಎಂದು ಕರೆದು ಕೊಳ್ಳುವ ಪಟ್ಟಿ ನಿಜದಲ್ಲಿ ಮುಕ್ಕಾಲು ಅಂಗುಲ, ಅಂದರೆ 19 ಮಿಲಿಮೀಟರ್ ದಪ್ಪ. ನಮ್ಮ ಸಾಮಿಲ್ಲಿನ ಒಂದಂಗುಲದ ರೀಪರ್ ಉಜ್ಜುಗೊರಡು ಹಾಕಿದ ಮೇಲೂ 22 ಮಿಲಿಮೀಟರ್ ಉಳಿಯಬಹುದು. ಮೂರೇ ಮಿಲಿಮೀಟರ್ ಎನ್ನಬೇಡಿ. ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಈ ವ್ಯತ್ಯಾಸದಲ್ಲೇ ಅದು ಒಂದೂವರೆ ಪಟ್ಟಾಗುತ್ತದೆ. ಮೇಪಲ್ಲಿಗೂ ತೇಗಕ್ಕೂ ಇರುವ ಅಂತರ ಇದರ ಹತ್ತಿರವೂ ಬರುವುದಿಲ್ಲ.

ಈಗ ಆಲೆ ಮರಕ್ಕೆ ಬರೋಣ. ಅದರ ಗುಣ ಅರಿಯಬೇಕಾದರೆ ಲೇತಿನ ಮುಂದೆ ನಿಲ್ಲಬೇಕು. ಉಳಿ ತಾಗಿದೊಡನೆ ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ, ನಾರು ಎಲ್ಲೂ ಕಿತ್ತುಕೊಳ್ಳುವುದಿಲ್ಲ. ದಂತದ ಬಣ್ಣದ ಮೈ ನುಣ್ಣಗೆ ಮೂಡುತ್ತದೆ. ತಿರುಗುತ್ತಿರುವ ಅದೇ ಮೈಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ, ಮೇಲೆ ತಾಳೆಗರಿ ಹಿಡಿದರೆ ಹೊಳಪು. ಬಣ್ಣ ಬಳಿಯುವ ಕುಂಚವಿಲ್ಲ, ಒಣಗಲು ಕಾಯುವ ಹೊತ್ತಿಲ್ಲ. ಆದರೆ ಇಷ್ಟೆಲ್ಲ ನಡೆಯುವುದು ವಸ್ತು ಗಿಡ್ಡಗಿದ್ದು, ದುಂಡಗಿದ್ದು, ತಿರುಗುವಂತಿದ್ದರೆ ಮಾತ್ರ. ದಂಡಿ ಮೂರಡಿ ಉದ್ದ, ಮುಖ ಚಪ್ಪಟೆ. ಚಪ್ಪಟೆ ಪಟ್ಟಿಗೆ ಲೇತಿನಲ್ಲಿ ಅರಗು ಹಿಡಿಸಲಾಗದು. ಚನ್ನಪಟ್ಟಣದ ಕಸುಬಿನ ಅರ್ಧ ಸೊಗಸು ಅಲ್ಲಿಗೇ ಕೈಬಿಟ್ಟಂತೆ.

ಇನ್ನೊಂದು ಅಡ್ಡಿ ಮರದ ಬೆಳವಣಿಗೆಯದು. ಆಲೆ ಚಿಕ್ಕ ಮರ, ಸಿಗುವ ಬೊಡ್ಡೆಗಳ ಸುತ್ತಳತೆ ಕಡಿಮೆ. ಸಣ್ಣ ಬೊಡ್ಡೆಯಿಂದ ಮೂರಡಿಯ ಪಟ್ಟಿ ಸೀಳಿದರೆ ನಡುವಿನ ತಿರುಳು ಪಟ್ಟಿಯೊಳಗೇ ಉಳಿದುಬಿಡುತ್ತದೆ. ತಿರುಳು ಇಟ್ಟುಕೊಂಡ ಪಟ್ಟಿ ಒಣಗುತ್ತ ಸೀಳು ಬಿಡುತ್ತದೆ, ತಿರುಚಿಕೊಳ್ಳುತ್ತದೆ. ಮಗುವಿನ ಗಿಲಕಿಗೆ ಇದರಿಂದ ಏನೂ ಬಾಧೆಯಿಲ್ಲ, ದಂಡಿಗೆ ಮಾತ್ರ ಇಡೀ ಕೆಲಸ ಹಾಳು. ಬಿರಡೆಯ ತಲೆಯ ಗುಬುಟನ್ನು ಆಲೆಯಲ್ಲಿ ಕಡೆಸಿ ಕೆಂಪು ಹಳದಿ ಅರಗು ಹಿಡಿಸಿ, ಬೇಡ ಎನ್ನುವವರಿಲ್ಲ. ಎರಡು ತೇಗದ ಪಟ್ಟಿಗಳ ನಡುವೆ ತೆಳ್ಳನೆ ಆಲೆಯ ಪಟ್ಟಿ ಅಂಟಿಸಿದರೆ ಬಿಳಿಗೆರೆ ಬೆನ್ನುದ್ದಕ್ಕೂ ಕಾಣುತ್ತದೆ. ಅಂಟಿಸುವಾಗ ತೇಗದ ಎರಡು ಪಟ್ಟಿಗಳ ಎಳೆಯನ್ನು ಒಂದಕ್ಕೊಂದು ಎದುರು ದಿಕ್ಕಿಗಿಟ್ಟರೆ ಒಂದರ ಬಾಗನ್ನು ಇನ್ನೊಂದು ತಡೆಯುತ್ತದೆ. ಅಭಿಮಾನಕ್ಕೆ ಅಷ್ಟು ಜಾಗ ಸಾಕು.

ಹಲಸಿನ ಪರ ವಾದಿಸುವವರು ವೀಣೆಯನ್ನು ಮುಂದಿಡುತ್ತಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವವರ ಕೈಯಲ್ಲಿರುವುದು ಹಲಸೇ. ಹಲಸಿನ ಚೇಗು ಗೆದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಒಣಗಿದ ಮೇಲೆ ಹೆಚ್ಚು ಅಲುಗಾಡುವುದಿಲ್ಲ, ಉಳಿಗೆ ಮೃದು, ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುತ್ತ ಹೋಗುತ್ತದೆ. ಎಲ್ಲ ನಿಜ. ಆದರೆ ವೀಣೆಯ ದಂಡಿ ಒಳಗೆ ತೋಡಿದ ದೋಣಿ, ಅಗಲ, ಆಳ, ಮೇಲೊಂದು ಹಲಗೆಯ ಮುಚ್ಚಳ. ಅದರ ಗಟ್ಟಿತನ ಬರುವುದು ಆ ಆಳದಿಂದ. ಅದೇ ಹಲಸನ್ನು ಮುಷ್ಟಿಯೊಳಗೆ ಹಿಡಿಸುವ ತೆಳು ದಂಡಿ ಮಾಡಿದರೆ ತೇಗದಷ್ಟು ಬಿಗಿ ನಿಲ್ಲದು. ವೀಣೆಗೆ ಆಗುತ್ತದೆ, ಆದ್ದರಿಂದ ಗಿಟಾರಿಗೂ ಆಗುತ್ತದೆ ಎಂಬುದು ಅರ್ಧ ವಾದ. ಹಲಸೇ ಬೇಕೆಂದರೆ ದಪ್ಪವನ್ನು ಒಂದಂಗುಲಕ್ಕಿಂತ ಇಳಿಸಬೇಡಿ, ಕೈಗೆ ಸ್ವಲ್ಪ ದಪ್ಪವೆನಿಸಿದರೂ ಸರಿ.

ನನ್ನ ಮತ ಹಳೇ ತೇಗಕ್ಕೆ. ಮಾಗಡಿ, ರಾಮನಗರದ ಕಡೆ ಹಳೇ ಮನೆ ಕೆಡವಿದಾಗ ಗುಜರಿಗೆ ಬರುವ ಬಾಗಿಲ ಚೌಕಟ್ಟು, ಕಿಟಕಿಯ ಪಟ್ಟಿಗಳಲ್ಲಿ ಇದು ಸಿಗುತ್ತದೆ. ಎಷ್ಟೋ ಬೇಸಿಗೆ ಮಳೆಗಾಲ ಕಂಡ ಮರ ಬಾಗುವುದಿದ್ದರೆ ಆಗಲೇ ಬಾಗಿರುತ್ತದೆ. ಕೊಳ್ಳುವಾಗ ಪಟ್ಟಿಯನ್ನು ಕೋವಿಗೆ ಗುರಿ ಹಿಡಿದಂತೆ ಕಣ್ಣಿಗೆ ಹಿಡಿದು ಉದ್ದಕ್ಕೂ ನೋಡಬೇಕು, ಆಮೇಲೆ ಮಗ್ಗುಲು ತಿರುಗಿಸಿ ಇನ್ನೊಮ್ಮೆ. ಎಳೆ ತುದಿಯಿಂದ ತುದಿಗೆ ಓಡಬೇಕು, ನಡುವೆಯೇ ಅಂಚಿಗೆ ಇಳಿದುಹೋದರೆ ಆ ಪಟ್ಟಿಯನ್ನು ಅಲ್ಲೇ ಬಿಡಿ. ಕೊಯ್ದ ತುದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ತೇಗದ ವರ್ಷದುಂಗುರಗಳು ಎದ್ದು ಕಾಣುತ್ತವೆ. ಅವು ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಉತ್ತಮ, ಮಲಗಿದ್ದರೆ ಎರಡನೆಯ ಆಯ್ಕೆ. ಗಂಟು ತುದಿಯಲ್ಲಿದ್ದರೆ ಕೊಯ್ದು ಬಿಸಾಡಬಹುದು, ನಡುವಿದ್ದರೆ ಬೇಡ. ಆಚಾರಿಯ ಉಳಿಯನ್ನು ಬಲಿ ಕೊಡಬಾರದೆಂದರೆ ಮೊಳೆಗಳನ್ನು ಅಯಸ್ಕಾಂತ ಆಡಿಸಿ ಹುಡುಕಿ ಕೀಳಬೇಕು. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಾಕುವ ಮುಂಚೆ ತಿನ್ನರಿನಲ್ಲಿ ಒರೆಸದಿದ್ದರೆ ಮೆಟ್ಟಿಲ ಹಲಗೆ ಕಿತ್ತು ಬರುವ ಸಂಭವವುಂಟು.

ಜಾರಿಸಿ ನುಡಿಸುವವರಿಗೆ ಬಿದಿರೂ ಆಗುತ್ತದೆ. ಕನಕಪುರದ ಕಡೆಯ ಒಣಕಾಡಿನ ಬಿದಿರಿನಲ್ಲಿ ಒಳಗೆ ಹೆಚ್ಚು ಟೊಳ್ಳಿಲ್ಲದ ಗಂಡುಬಿದಿರು ಇದಕ್ಕೆ ಹೇಳಿಮಾಡಿಸಿದ್ದು. ಕಾಡಿನದಕ್ಕೆ ಕೈಹಾಕಬೇಕಿಲ್ಲ; 2017ರ ತಿದ್ದುಪಡಿಯ ನಂತರ ಕಾಡಿನ ಹೊರಗೆ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಮರವೂ ಅಲ್ಲ. ಹಸಿ ಬಿದಿರಿನ ಪಿಷ್ಟಕ್ಕೆ ಹುಳು ಮುತ್ತುವುದರಿಂದ ಕೆಲವು ವಾರ ನೀರಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸಬೇಕು. ದುಂಡು ಮೈಗೆ ಮೆಟ್ಟಿಲು ಕೂರಿಸುವುದು ಕಷ್ಟ. ಕಿನ್ನರಿ ಜೋಗಿಗಳು ಬಿದಿರಿನ ದಂಡಿಯ ಮೇಲೆ ಮೆಟ್ಟಿಲುಗಳನ್ನು ಎತ್ತರಕ್ಕೆ ನಿಲ್ಲಿಸಿ ಅದನ್ನೂ ಗೆದ್ದವರು, ಆದರೆ ಅದು ಬೇರೆಯೇ ಕಸುಬು.

ಉಳಿದವನ್ನು ಬೇಗ ಮುಗಿಸಬಹುದು. ಮಾವು ಜಿಲ್ಲೆಯ ತುಂಬ ಇದೆ, ಆದರೆ ಹುಳು ಬೇಗ ಬೀಳುತ್ತದೆ, ಪೆಟ್ಟಿಗೆಗೆ ಸರಿ, ದಂಡಿಗೆ ಬೇಡ. ಬದುವಿನ ಸಿಲ್ವರ್ ಓಕ್ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕಿಲ್ಲ, ಅಗ್ಗ, ಎಳೆಯೂ ಚೆಂದ. ದಪ್ಪ ಬಿಟ್ಟು ಮಾಡಿದರೆ ಕಲಿಯುವವರಿಗೆ ಧಾರಾಳ ಸಾಕು. ಬೀಟೆಯ ದಂಡಿ ದುಂದು. 2017ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದಲ್ಲಿದೆ, ಮುರಿದ ಕುರ್ಚಿಯ ಬೀಟೆ ಸಿಕ್ಕರೆ ಮೆಟ್ಟಿಲ ಕೆಳಗಿನ ತೆಳು ಹಲಗೆಗೆ ಬಳಸಿಕೊಳ್ಳಿ.

ಈ ಸೀಮೆಯಲ್ಲಿ ಯಾರೂ ತಿರುಗಿ ನೋಡದ ಮರ ಒಂದಿದೆ, ಹಿಪ್ಪುನೇರಳೆ. ಇರಾನಿನ ತಾರ್, ಉಜ್ಬೇಕಿಸ್ತಾನದ ದುತಾರ್ ಎರಡರ ಒಡಲೂ ಹಿಪ್ಪುನೇರಳೆಯದೇ. ದುತಾರಿಗೆ ಕಟ್ಟುತ್ತಿದ್ದ ತಂತಿಯೂ ರೇಷ್ಮೆಯದು. ಗೂಡಿನ ದೊಡ್ಡ ಮಾರುಕಟ್ಟೆ ಇಟ್ಟುಕೊಂಡ ರಾಮನಗರದಲ್ಲಿ ಮರವೂ ತಂತಿಯೂ ಒಂದೇ ತೋಟದಲ್ಲಿವೆ, ವಾದ್ಯವೊಂದು ಮಾತ್ರ ಹುಟ್ಟಲಿಲ್ಲ. ಕಾರಣ ಸರಳ: ಸೊಪ್ಪಿಗಾಗಿ ಗಿಡವನ್ನು ಬುಡದಲ್ಲೇ ಕತ್ತರಿಸುತ್ತ ಬಂದರೆ ಬೊಡ್ಡೆ ದಪ್ಪವಾಗುವುದೇ ಇಲ್ಲ. ಈಗ ಕೆಲವರು ಹಿಪ್ಪುನೇರಳೆಯನ್ನು ಮರವಾಗಿ ಬಿಟ್ಟು, ಆಳೆತ್ತರಕ್ಕಿಂತ ಕೆಳಗೆ ಸವರಿ, ಮೇಲಿನ ಸೊಪ್ಪು ಕೊಯ್ಯುತ್ತಿದ್ದಾರೆ. ಕೆಳಗೆ ಉಳಿಯುವ ಕಾಂಡ ದಂಡಿಗೆ ಬೇಕಾದ ಮೂರಡಿಗೆ ಸಲ್ಲುತ್ತದೆ. ಹಲಸಿನ ಕುಟುಂಬದ್ದೇ ಮರ, ಹಾಕಿ ಸ್ಟಿಕ್ಕಿಗೆ ಬಳಸುವಷ್ಟು ಜಿಗುಟು. ಹಳೇ ತೋಟ ತೆಗೆಯುವವರು ಅಂಥ ಕಾಂಡವನ್ನು ಸೌದೆಗೆ ಹಾಕುವ ಮುನ್ನ ಎರಡು ತುದಿಗೆ ಮೇಣ ಬಳಿದು ನೆರಳಲ್ಲಿ ಒಂದು ವರ್ಷ ಮಲಗಿಸಿಟ್ಟರೆ, ತೇಗದ ಪರ ನಾನು ಕೊಟ್ಟ ಮತವನ್ನು ಬದಲಿಸಲೂ ಸಿದ್ಧ.